‘ಬೇಡ’ ಒತ್ತಿದವರು

ಆ ಜಾಹೀರಾತನ್ನು ಬರೆದವಳೇ ಶಶಿಕಲಾ. ಆದ್ದರಿಂದ ಮನೆಯ ಲ್ಯಾಪ್‌ಟಾಪಿನಲ್ಲಿ ಅದು ಕಾಣಿಸಿಕೊಂಡಾಗ ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು. ಕುಕ್ಕರ್ ಕೂಗಲೆಂದು ಕಾಯುತ್ತ, ಮೂಡಲಪಾಳ್ಯದ ಮನೆಯ ಹಾಲಿನಲ್ಲಿ ಕೂತು ಸಂಜೆಯ ಸುದ್ದಿ ನೋಡುತ್ತಿದ್ದಳು. ಸುದ್ದಿಯ ಮಧ್ಯೆ, ನೀಲಿ ಚೌಕದೊಳಗೆ ಅವಳದೇ ಮಾತು: ‘ಪಕ್ಕದಿಂದ ಬರುವ ಗಾಡಿ ಕಾಣುತ್ತಿಲ್ಲವೇ? ಇನ್ನೂ ತಡವಾಗಿಲ್ಲ. ಒಮ್ಮೆ ಬಂದು ಕಣ್ಣು ತೋರಿಸಿಕೊಳ್ಳಿ.’ ಕೆಳಗೆ ಆಸ್ಪತ್ರೆಯ ಹೆಸರು, ಫೋನ್ ನಂಬರು.

ಮರುಕ್ಷಣ ಅವಳಿಗೆ ಹೊಳೆಯಿತು: ಈ ಜಾಹೀರಾತು ಎಲ್ಲರಿಗೂ ಕಾಣುವಂಥದ್ದಲ್ಲ.

ರಾಜಾಜಿನಗರದ ಪ್ರೆಸ್ಸೊಂದರಲ್ಲಿ ವರ್ಷಾನುಗಟ್ಟಲೆ ಡಿಟಿಪಿ ಮಾಡಿ, ಲಗ್ನಪತ್ರಿಕೆ, ಕರಪತ್ರಗಳನ್ನು ಟೈಪಿಸಿ ಬೆರಳು ಸವೆಸಿದ್ದ ಶಶಿಕಲಾ, ಆ ಪ್ರೆಸ್ಸು ಮುಚ್ಚಿದ ಮೇಲೆ ಬಸವೇಶ್ವರನಗರದಲ್ಲಿ ಶಿವಯೋಗಿ ಎಂಬ ಯುವಕನ ಕಂಪನಿ ಸೇರಿದ್ದಳು. ಬೇಕರಿಯೊಂದರ ಮೇಲಿನ ಮಹಡಿ. ಆಸ್ಪತ್ರೆ, ಟ್ಯೂಷನ್ ಸೆಂಟರು, ಕಲ್ಯಾಣಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುವುದು, ಆಮೇಲೆ ಆ ಸೈಟುಗಳಿಗೆ ಜನರನ್ನು ಕರೆತರುವುದು ಅವರ ಕೆಲಸ. ಕನ್ನಡದ ಸಾಲುಗಳೆಲ್ಲ ಶಶಿಕಲಾಳವು. ಯಾವ ಜಾಹೀರಾತು ಯಾರಿಗೆ ಕಾಣಬೇಕು ಎಂದು ಹೊಂದಿಸುವುದನ್ನೂ ಕ್ರಮೇಣ ಕಲಿತುಕೊಂಡಿದ್ದಳು.

ಮಾಗಡಿ ರಸ್ತೆಯ ಆ ಕಣ್ಣಾಸ್ಪತ್ರೆಗೆ ಅವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆ ಕಟ್ಟಿಕೊಟ್ಟಿದ್ದರು. ಒಂದು ಕಣ್ಣು ಮುಚ್ಚಿಕೊಂಡು ಪರದೆಯ ನಡುವಿನ ಕಪ್ಪು ಚುಕ್ಕೆಯನ್ನೇ ದಿಟ್ಟಿಸಬೇಕು. ಅಂಚಿನಲ್ಲಿ ಆಗಾಗ ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡಾಗಲೆಲ್ಲ ಒಂದು ಕೀ ಒತ್ತಬೇಕು. ಮೊಬೈಲಿನಲ್ಲಿ ಆಗದು, ದೊಡ್ಡ ಪರದೆಯೇ ಬೇಕು. ಚುಕ್ಕೆಗಳು ಸರಿಯಾಗಿ ಕಂಡರೆ ಕೊನೆಯಲ್ಲಿ ಹಸಿರು, ತುಂಬ ತಪ್ಪಿಹೋದರೆ ಕೆಂಪು. ಕೆಂಪು ಬಂದಮೇಲೂ ಡಾಕ್ಟರ ಭೇಟಿಗೆ ಹೆಸರು ಬರೆಸದೆ ಪುಟ ಮುಚ್ಚಿಹೋದವರ ಬ್ರೌಸರಿನಲ್ಲಿ ಒಂದು ಸಣ್ಣ ಗುರುತು ಉಳಿಯುತ್ತಿತ್ತು. ಕುಕಿ ಎನ್ನುತ್ತಾರೆ ಅದಕ್ಕೆ. ಆಮೇಲೆ ಅವರು ಸುದ್ದಿ ಓದಲಿ, ಸೀರೆ ಹುಡುಕಲಿ, ಅಡುಗೆ ನೋಡಲಿ, ಆ ಗುರುತು ಹಿಡಿದು ಜಾಹೀರಾತು ಅವರ ಬೆನ್ನಿಗೆ ಬೀಳುತ್ತಿತ್ತು. ಕೆಂಪು ಬಂದವರಿಗೆ ಮಾತ್ರ. ಹಾಗೆ ಹೊಂದಿಸಿದವಳೂ ಶಶಿಕಲಾಳೇ.

ಈ ಲ್ಯಾಪ್‌ಟಾಪಿನಲ್ಲಿ ಅವಳು ಎಂದೂ ಆಫೀಸಿನ ಕೆಲಸ ಮಾಡಿದವಳಲ್ಲ. ಅದನ್ನು ತಂದದ್ದು ಮಗಳು ಅನುವಿನ ಓದಿಗೆ. ಅಂದರೆ ಈ ಮನೆಯ ಯಾರೋ ಇದೇ ಸೋಫಾದ ಮೇಲೆ ಕೂತು, ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಆ ಪರೀಕ್ಷೆ ಮಾಡಿಕೊಂಡಿದ್ದಾರೆ. ಅವರಿಗೆ ಚುಕ್ಕೆಗಳು ಕಂಡಿಲ್ಲ. ಕಂಡಿಲ್ಲವೆಂದು ಯಾರಿಗೂ ಹೇಳಿಲ್ಲ.

“ಅನೂ, ಬಾ ಇಲ್ಲಿ.”

ಅನು ಒಳಗಿನಿಂದ ಪೆನ್ನು ಕಚ್ಚಿಕೊಂಡೇ ಬಂದಳು. ಎರಡನೇ ಪಿಯುಸಿ, ಪರೀಕ್ಷೆ ಹತ್ತಿರ ಬಂದಿತ್ತು.

“ನಿನ್ನ ಕಣ್ಣಿಗೆ ಏನಾದ್ರೂ ತೊಂದ್ರೆ ಇದ್ಯೇನೇ? ನಿಜ ಹೇಳು.”

“ಯಾಕಮ್ಮ? ಚೆನ್ನಾಗೇ ಇದೆಯಲ್ಲ.”

“ಇದ್ರಲ್ಲಿ ಯಾವುದಾದ್ರೂ ಕಣ್ಣಿನ ಟೆಸ್ಟ್ ಮಾಡ್ಕೊಂಡ್ಯಾ? ಚುಕ್ಕೆ ಚುಕ್ಕೆ ಬರತ್ತಲ್ಲ, ಅದು?”

“ಇಲ್ಲಪ್ಪ. ನಂಗೆ ಓದೋಕೇ ಟೈಮಿಲ್ಲ.” ಹೊರಟವಳು ತಿರುಗಿದಳು. “ಅಪ್ಪ ಮೊನ್ನೆ ಲ್ಯಾಪ್‌ಟಾಪ್ ಹೆಂಗೆ ಆನ್ ಮಾಡೋದು ಅಂತ ಕೇಳ್ತಿದ್ರು. ಏನೋ ವ್ಯಾನಿನ ಪಾರ್ಟ್ಸ್ ನೋಡ್ಬೇಕಂತೆ. ನಾನು ಆನ್ ಮಾಡ್ಕೊಟ್ಟು ಕಾಲೇಜಿಗೆ ಹೋದೆ.”

ಕುಕ್ಕರ್ ಕೂಗಿತು. ಶಶಿಕಲಾ ಏಳಲಿಲ್ಲ.

ಅವಳ ಗಂಡ ಮಹದೇವ್ ಶಾಲಾ ವ್ಯಾನ್ ಓಡಿಸುತ್ತಿದ್ದ. ಮೂಡಲಪಾಳ್ಯ, ಚಂದ್ರಾ ಲೇಔಟಿನ ಮಕ್ಕಳನ್ನು ಹತ್ತಿಸಿಕೊಂಡು, ರಿಂಗ್ ರೋಡು ಹಿಡಿದು, ಸುಮನಹಳ್ಳಿಯಲ್ಲಿ ತಿರುಗಿ ಸುಂಕದಕಟ್ಟೆಯ ಶಾಲೆಗೆ ಬಿಡುವುದು, ಮಧ್ಯಾಹ್ನ ಮತ್ತೆ ಕರೆತರುವುದು. ‘ಮಹದೇವ್ ಅಂಕಲ್ ವ್ಯಾನ್ ಆದ್ರೆ ಭಯ ಇಲ್ಲ’ ಎಂದು ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಡ್ಡಾದಿಡ್ಡಿ ಓಡಿಸಿದವನಲ್ಲ, ಸಿಗ್ನಲ್ ಮುರಿದವನಲ್ಲ.

ಆದರೆ ಕೂತಲ್ಲೇ ಅವಳಿಗೆ ಒಂದೊಂದಾಗಿ ನೆನಪಾಗತೊಡಗಿತು. ವ್ಯಾನಿನ ಎಡಗಡೆ ಉದ್ದಕ್ಕೂ ತರಚಿದ ಗೀರು: ಯಾರೋ ಆಟೋದವನು ಉಜ್ಜಿಕೊಂಡು ಹೋದ ಅಂದಿದ್ದ. ಅಡುಗೆಮನೆಯ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದುದು. ಪಕ್ಕದಲ್ಲಿಟ್ಟ ಕಾಫಿ ಲೋಟಕ್ಕೆ ಕೈ ಬಡಿದು ಚೆಲ್ಲಿದಾಗ, ‘ಇಲ್ಲ್ಯಾಕೆ ಇಡ್ತೀಯ’ ಎಂದು ರೇಗಿದ್ದು. ಹೋದ ತಿಂಗಳ ಮದುವೆಯಲ್ಲಿ ಅವಳ ಅಣ್ಣ ಪಕ್ಕಕ್ಕೇ ಬಂದು ಕೈ ಚಾಚಿದ್ದರೂ ನೋಡದೆ ಹೋಗಿ, ಅವನು ಮುನಿಸಿಕೊಂಡದ್ದು. ಒಂದೊಂದಾಗಿ ನೋಡಿದರೆ ಯಾವುದೂ ಏನೂ ಅಲ್ಲ. ಒಟ್ಟಿಗೆ ನೋಡಿದಾಗ, ಎಲ್ಲವೂ ಪಕ್ಕದಲ್ಲಿದ್ದು ಅವನಿಗೆ ಕಾಣದೆ ಹೋದದ್ದು.

ಮಹದೇವ್ ಗಾಡಿ ನಿಲ್ಲಿಸಿ ಒಳಗೆ ಬಂದು ಕಾಲು ತೊಳೆದುಕೊಂಡ. ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟು ತಟ್ಟೆ ಹಾಕಿದಳು.

“ರೀ, ಮೊನ್ನೆ ಲ್ಯಾಪ್‌ಟಾಪಲ್ಲಿ ಏನು ನೋಡ್ತಿದ್ರಿ?”

ಅವನ ಕೈ ಅನ್ನದ ಮೇಲೆ ಒಂದು ಗಳಿಗೆ ನಿಂತಿತು. “ಪಾರ್ಟ್ಸು. ವೈಪರ್ ಬ್ಲೇಡು.”

“ಕಣ್ಣಿಂದು ಏನಾದ್ರೂ ನೋಡಿದ್ರಾ?”

“ಕಣ್ಣಿಂದಾ? ನಾನ್ಯಾಕೆ ನೋಡ್ಲಿ ಅದನ್ನ?” ತಲೆ ಎತ್ತದೆ ಸಾರು ಕಲೆಸಿದ. “ಯಾಕೆ, ಏನಾಯ್ತು?”

“ಏನಿಲ್ಲ. ಸುಮ್ನೆ ಕೇಳ್ದೆ.”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕಿವಿ ಕೆಂಪಾಗಿತ್ತು. ಅಲ್ಲೇ, ಆಗಲೇ ‘ನಂಗೆ ಗೊತ್ತು’ ಎಂದುಬಿಡಬಹುದಿತ್ತು. ಹೇಗೆ ಗೊತ್ತಾಯಿತು ಎಂದು ಅವನು ಕೇಳಿದರೆ? ಆ ಪರೀಕ್ಷೆಯ ಪುಟದ ಮೇಲೆ ‘ನಿಮ್ಮ ಫಲಿತಾಂಶ ನಿಮಗಷ್ಟೇ ಕಾಣುತ್ತದೆ’ ಎಂದು ಬರೆದವಳು ಅವಳೇ. ಆ ಸಾಲು ಚೆನ್ನಾಗಿದೆ ಎಂದು ಶಿವಯೋಗಿ ಹೊಗಳಿದ್ದ ಕೂಡ. ಅಲ್ಲದೆ, ಯಂತ್ರದ ಮಾತು ಕಟ್ಟಿಕೊಂಡು ಗಂಡನ ಮೇಲೆ ಆಪಾದನೆ ಹೊರಿಸುವುದೇ? ಅವನು ಸುಮ್ಮನೆ ಕುತೂಹಲಕ್ಕೆ ಅರ್ಧ ಮಾಡಿ ಬಿಟ್ಟಿದ್ದರೂ ಕೆಂಪೇ ಬರುತ್ತದೆ. ಅವನು ಓಡಿಸುವುದನ್ನು ಒಂದು ಸಲ ತಾನೇ ನೋಡಿಬಿಡೋಣ ಎಂದುಕೊಂಡಳು. ಆ ಒಂದು ಸಲಕ್ಕೆ ವ್ಯಾನಿನ ತುಂಬ ಮಕ್ಕಳಿರುತ್ತಾರೆ ಎಂಬುದು ಹೊಳೆದಾಗ ಬೆಳಗಾಗಿತ್ತು. ಮಹದೇವ್ ಆಗಲೇ ಕೀ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದ.

“ತಡೀರಿ, ನಾನೂ ಬರ್ತೀನಿ. ಸುಂಕದಕಟ್ಟೇಲಿ ಒಬ್ರು ಕ್ಲೈಂಟ್‌ನ ನೋಡ್ಬೇಕು.”

“ಇಷ್ಟು ಹೊತ್ಗೇನಾ?”

“ಹೂಂ.”

ಅವನು ಬೇಡವೆನ್ನಲಿಲ್ಲ. ಅವಳು ಮುಂದಿನ ಸೀಟಿನಲ್ಲಿ, ಎಡಗಡೆ ಕೂತಳು.

ಮೊದಲ ಕೆಲವು ರಸ್ತೆಗಳಲ್ಲಿ ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಅವನು ಎಷ್ಟು ಹದವಾಗಿ ಓಡಿಸುತ್ತಿದ್ದ! ಪ್ರತಿ ಗೇಟಿನೆದುರೂ ನಿಲ್ಲಿಸಿ, ಇಳಿದು, ಬಾಗಿಲು ಸರಿಸಿ, ಮಕ್ಕಳ ಬ್ಯಾಗು ಎತ್ತಿಕೊಟ್ಟ. ವ್ಯಾನು ತುಂಬಿತು, ಹಿಂದೆ ಗಲಾಟೆ, ನಗು, ಯಾರದೋ ಟಿಫಿನ್ ಡಬ್ಬಿಯಿಂದ ಚಿತ್ರಾನ್ನದ ವಾಸನೆ. ಆಮೇಲೆ ಅವಳು ಗಮನಿಸಿದಳು. ಮಹದೇವ್ ತಲೆಯನ್ನು ಎಡೆಬಿಡದೆ ಆಚೆಗೂ ಈಚೆಗೂ ತಿರುಗಿಸುತ್ತಿದ್ದ. ಅವಳನ್ನು ಹೆಚ್ಚೂಕಮ್ಮಿ ಪೂರ್ತಿ ತಿರುಗಿ ನೋಡುವಷ್ಟು ಎಡಕ್ಕೆ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಎಚ್ಚರದ ಡ್ರೈವರು ನೋಡುವ ರೀತಿ ಅದಾಗಿರಲಿಲ್ಲ. ಕಿಂಡಿಯೊಂದರಿಂದ ಹೊರಗಿಣುಕುವವನು ನೋಡುವ ರೀತಿ.

ರಿಂಗ್ ರೋಡಿನಲ್ಲಿ ಬೈಕೊಂದು ಎಡಗಡೆಯಿಂದ ನುಗ್ಗಿ ಮುಂದೆ ಹೋದಾಗ ಅವನು ಬೆಚ್ಚಿದ. ಅದು ಪಕ್ಕದಲ್ಲೇ ಬಹಳ ಹೊತ್ತಿನಿಂದ ಬರುತ್ತಿದ್ದುದನ್ನು ಅವಳು ನೋಡಿದ್ದಳು.

“ನಿಧಾನ ರೀ.”

“ನಿಧಾನವಾಗೇ ಹೋಗ್ತಾ ಇದೀನಲ್ಲ.”

ಸುಮನಹಳ್ಳಿಯಲ್ಲಿ ತಿರುಗಿ ಮಾಗಡಿ ರಸ್ತೆಗೆ ಬಂದರು. ಶಾಲೆಯ ಅಡ್ಡರಸ್ತೆಗೆ ಎಡಕ್ಕೆ ಹೊರಳಬೇಕಿತ್ತು. ಮಹದೇವ್ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಸ್ಟಿಯರಿಂಗ್ ತಿರುಗಿಸಿದ. ಅದೇ ಗಳಿಗೆಯಲ್ಲಿ, ಶಶಿಕಲಾಳ ಕಿಟಕಿಗೆ ಅಂಟಿದ ಹಾಗೆ, ಹೆಂಗಸೊಬ್ಬಳ ಸ್ಕೂಟರ್ ನೇರಕ್ಕೆ ಹೋಗುತ್ತಿತ್ತು. ಸ್ಕೂಟರಿನ ಮುಂಭಾಗದಲ್ಲಿ ನಿಂತಿದ್ದ ಮಗುವಿನ ಹಳದಿ ಟೋಪಿ ಅವಳಿಗೆ ಕೈಗೆಟಕುವಷ್ಟು ಹತ್ತಿರ ಕಂಡಿತು.

“ನಿಲ್ಸೀ!”

ಅವಳು ಕಿರುಚಿದ್ದೂ ಅವನು ಬ್ರೇಕು ಒತ್ತಿದ್ದೂ ಒಟ್ಟಿಗೇ ಆಯಿತು. ಹಿಂದೆ ಮಕ್ಕಳು ಮುಂದಿನ ಸೀಟುಗಳಿಗೆ ಹೋಗಿ ಬಡಿದುಕೊಂಡರು. ಸ್ಕೂಟರು ಓಲಾಡಿ, ಹೆಂಗಸು ಕಾಲೂರಿ, ಹೇಗೋ ನಿಂತಳು. ಮಗುವನ್ನು ಒಂದು ಕೈಯಿಂದ ಅವುಚಿಕೊಂಡು ಕೂಗಿದಳು: “ಕಣ್ಣ್ ಕಾಣ್ಸಲ್ವೇನ್ರೀ ನಿಮ್ಗೆ? ಮಕ್ಳನ್ನ ತುಂಬ್ಕೊಂಡು ಹಿಂಗಾ ಓಡ್ಸೋದು?”

ಮಹದೇವ್ ಅವಳ ಕಡೆ ನೋಡಿ, ಶಶಿಕಲಾಳ ಕಡೆ ತಿರುಗಿ, ಮೆಲ್ಲಗೆ ಕೇಳಿದ: “ಎಲ್ಲಿಂದ ಬಂತು ಅದು?”

ಶಶಿಕಲಾ ಕೈ ಚಾಚಿ ಕೀ ತಿರುಗಿಸಿದಳು. ಇಂಜಿನ್ ನಿಂತಿತು. ಕೀಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಿಂದಿನಿಂದ ಹಾರ್ನುಗಳು ಶುರುವಾದವು. ಹಿಂದಿನ ಸೀಟಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಅಳತೊಡಗಿದ್ದಳು.

“ಮರಿಯಪ್ಪನಿಗೆ ಫೋನ್ ಮಾಡ್ತೀನಿ,” ಎಂದಳು. ಮರಿಯಪ್ಪ ಅದೇ ಶಾಲೆಗೆ ಇನ್ನೊಂದು ವ್ಯಾನು ಓಡಿಸುತ್ತಿದ್ದವನು.

“ಏನಂತ ಹೇಳ್ತೀಯ?”

“ಗಾಡಿ ಕೆಟ್ಟಿದೆ ಅಂತೀನಿ. ಈಗ ನೀವು ಇಳೀರಿ.”

ಮರಿಯಪ್ಪ ಬಂದ. ಅವಳಿಂದ ಕೀ ಇಸಿದುಕೊಂಡು ವ್ಯಾನನ್ನು ಪಕ್ಕಕ್ಕೆ ತಂದು ನಿಲ್ಲಿಸಿದ, ಕೆಟ್ಟದ್ದು ಏನೆಂದು ಕೇಳದೆ ಮಕ್ಕಳನ್ನು ತನ್ನ ಗಾಡಿಗೆ ಒತ್ತೊತ್ತಿ ಕೂರಿಸಿಕೊಂಡು ಹೋದ. ಅಳುತ್ತಿದ್ದ ಹುಡುಗಿಯ ಹಣೆ ಸ್ವಲ್ಪ ಊದಿತ್ತು. ಶಶಿಕಲಾ ಅವಳ ತಾಯಿಗೆ ತಾನೇ ಫೋನ್ ಮಾಡಿ, ಜೋರಾಗಿ ಬ್ರೇಕ್ ಹಾಕಬೇಕಾಯಿತು, ತಪ್ಪು ನಮ್ಮದು ಎಂದು ಹೇಳಿದಳು. ಆ ತಾಯಿ ಅಂದದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಇಬ್ಬರೇ ಉಳಿದರು. ಬಾಗಿಲು ಹಾಕಿದ್ದ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಮಹದೇವ್ ಕೂತ.

“ಎಷ್ಟು ದಿನದಿಂದ?” ಅವಳು ನಿಂತೇ ಕೇಳಿದಳು.

“ಏನು ಎಷ್ಟು ದಿನದಿಂದ?”

“ರೀ, ಸಾಕು. ಮೊನ್ನೆ ನೀವು ಆ ಟೆಸ್ಟ್ ಮಾಡ್ಕೊಂಡ್ರಿ. ಕೆಂಪು ಬಂತು. ನೀವು ಮುಚ್ಬಿಟ್ರಿ.”

ಮಹದೇವ್ ತಲೆಯೆತ್ತಿದ. ಸಿಕ್ಕಿಬಿದ್ದವನ ಮುಖವನ್ನು ಅವಳು ನಿರೀಕ್ಷಿಸಿದ್ದಳು. ಅಲ್ಲಿದ್ದದ್ದು ಭಯ. “ನಿಂಗೆ ಹೆಂಗೆ ಗೊತ್ತು? ಮನೇಲಿ ಯಾರೂ ಇರ್ಲಿಲ್ಲ.”

“ಆ ಸೈಟ್ ಮಾಡಿದ್ದು ನಮ್ಮ ಆಫೀಸು. ಕೆಂಪು ಬಂದವರ ಕಂಪ್ಯೂಟರಿಗೆ ಮಾತ್ರ ಒಂದು ಆ್ಯಡ್ ಬರತ್ತೆ. ನಿನ್ನೆ ಅದು ನಂಗೆ ಕಾಣಿಸ್ತು.”

ಬಸ್ಸೊಂದು ಹೊಗೆ ಉಗುಳುತ್ತ ಹೋಯಿತು.

“ಆದ್ರೆ ಅದ್ರಲ್ಲಿ ಒಂದು ಪೆಟ್ಟಿಗೆ ಬಂತು. ನಿಮ್ಮ ಮಾಹಿತಿ ಇಟ್ಕೋಬೋದಾ ಅಂತ. ಒಪ್ಪುತ್ತೇನೆ, ಬೇಡ, ಅಂತ ಎರಡು ಬಟನ್ನು. ನಾನು ಎರಡು ಸಲ ಓದಿ ‘ಬೇಡ’ ಅಂತಾನೇ ಒತ್ದೆ, ಶಶಿ. ಯಾಕೆ ಅಂದ್ರೆ ಸ್ಕೂಲಿಗೆ ಗೊತ್ತಾಗ್ಬಾರ್ದು. ಬೇಡ ಒತ್ತಿದ್ಮೇಲೂ ಹೆಂಗೆ ಬಂತು?”

ಆ ಪೆಟ್ಟಿಗೆಯ ವಿಷಯವನ್ನೇ ಅವಳು ಮರೆತಿದ್ದಳು. ಸೈಟು ಬಿಡುಗಡೆಯಾಗಬೇಕಿದ್ದ ದಿನ, ಕೋಡ್ ಬರೆಯುವ ಸ್ಮೃತಿ ಹೇಳಿದ್ದಳು: “ಅಕ್ಕ, ‘ಬೇಡ’ ಒತ್ತಿದ್ರೆ ಪೆಟ್ಟಿಗೆ ಮುಚ್ಕೊಳತ್ತೆ ಅಷ್ಟೆ. ಕುಕಿ ಆದ್ರೂ ಉಳ್ಕೊಂಡೇ ಇರತ್ತೆ. ಅದನ್ನ ನಿಲ್ಸೋಕೆ ಇನ್ನೂ ಸ್ವಲ್ಪ ಕೆಲಸ ಇದೆ.” ಶಿವಯೋಗಿ, “ಈಗ ಮುಚ್ಚಿಕೊಂಡ್ರ ಸಾಕು, ಉಳಿದದ್ದು ಆಮ್ಯಾಲ ನೋಡೂಣು,” ಅಂದಿದ್ದ. ಶಶಿಕಲಾ ಆಗ ಪಕ್ಕದ ಮೇಜಿನಲ್ಲಿ ಕೂತು ಅದೇ ಪೆಟ್ಟಿಗೆಗೆ ಸಾಲು ಬರೆಯುತ್ತಿದ್ದಳು: ‘ನಿಮ್ಮ ಆಯ್ಕೆಯನ್ನು ನಾವು ಗೌರವಿಸುತ್ತೇವೆ.’ ಆ ‘ಆಮ್ಯಾಲ’ ಬರಲೇ ಇಲ್ಲ. ಯಾರೂ ಕೇಳಲೂ ಇಲ್ಲ.

“ಆ ಬಟನ್ನು ಕೆಲಸ ಮಾಡಲ್ಲ,” ಎಂದಳು.

“ಮಾಡಲ್ಲ ಅಂದ್ರೆ?”

“ತೋರ್ಸೋಕೆ ಇಟ್ಟಿರೋದು. ಒತ್ತಿದ್ರೂ ಒಂದೇ, ಬಿಟ್ರೂ ಒಂದೇ.”

“ಅದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಮಹದೇವ್ ಎದ್ದು ನಿಂತ. ಜಗಳವಾಡುವವನಂತೆ ಹತ್ತಿರ ಬಂದವನು ಅಲ್ಲೇ ನಿಂತುಬಿಟ್ಟ. “ನಾನು ನಿಂಗೆ ಹೇಳೋನಿದ್ದೆ. ಮಕ್ಕಳ ಪರೀಕ್ಷೆ ಮುಗೀಲಿ, ರಜದಲ್ಲಿ ಡಾಕ್ಟರ್ ಹತ್ರ ಹೋಗೋಣ ಅಂತಿದ್ದೆ. ನಾನಾಗೇ ಹೇಳ್ಬೇಕಿತ್ತು ಅದನ್ನ.”

“ಪರೀಕ್ಷೆ ಮುಗಿಯೋತನಕ?” ಅವಳ ದನಿ ಏರಿತು. “ಈಗ ಆ ಮಗು ಗಾಲಿ ಕೆಳಗೆ ಹೋಗ್ತಿತ್ತು! ಯಾರಿಗೆ ಹೇಳೋಕೆ ಕಾಯ್ತಿದ್ರಿ? ಪೊಲೀಸರಿಗಾ?”

ಅವನು ಮತ್ತೆ ಮೆಟ್ಟಿಲ ಮೇಲೆ ಕುಸಿದು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಮದುವೆಯಾದಂದಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಎಳನೀರಿನ ಗಾಡಿಯವನು ಇತ್ತಲೇ ನೋಡುತ್ತಿದ್ದ. ಶಶಿಕಲಾ ಗಂಡನಿಗೂ ಅವನ ನೋಟಕ್ಕೂ ಅಡ್ಡವಾಗಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಲ್ಲಿ ಕೂತಳು.

“ಹೋಗೋಣ ಬನ್ನಿ. ಆಸ್ಪತ್ರೆ ಇದೇ ರೋಡಲ್ಲಿದೆ.”

ಆಸ್ಪತ್ರೆಯಲ್ಲಿ ಅವನ ಕಣ್ಣಿಗೆ ಹನಿ ಹಾಕಿದರು, ಒತ್ತಡ ಅಳೆದರು, ಬೋಗುಣಿಯಂಥ ಯಂತ್ರದೊಳಗೆ ಮುಖವಿಡಿಸಿದರು. ಅದರಲ್ಲೂ ಚುಕ್ಕೆಗಳೇ. ಅವನು ಬಟನ್ ಹಿಡಿದ ಕೈಯನ್ನು ಅವಳು ಗಾಜಿನಾಚೆಯಿಂದ ನೋಡುತ್ತಿದ್ದಳು. ಹೆಬ್ಬೆರಳು ತುಂಬ ಹೊತ್ತು ಅಲ್ಲಾಡುತ್ತಲೇ ಇರಲಿಲ್ಲ. ಒತ್ತಿ, ಒತ್ತಿ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಡಾಕ್ಟರ್ ಸೀತಾ ನಡುವಯಸ್ಸಿನ ಗಂಭೀರ ಹೆಂಗಸು. ಗ್ಲಾಕೋಮಾ ಎಂದರು. ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ನೋಟವನ್ನು ಕರಗಿಸುವ ಕಾಯಿಲೆ. ಎರಡೂ ಕಣ್ಣಲ್ಲಿ ಬದಿಯ ನೋಟ ಬಹಳಷ್ಟು ಹೋಗಿದೆ, ಎಡಗಡೆ ಇನ್ನೂ ಹೆಚ್ಚು. ಹೋದದ್ದು ವಾಪಸು ಬರುವುದಿಲ್ಲ. ತಪ್ಪದೆ ಔಷಧಿ ಹಾಕಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು.

“ಗಾಡಿ?” ಮಹದೇವ್ ಕೇಳಿದ.

“ಇಲ್ಲ. ವ್ಯಾನೂ ಬೇಡ, ಸ್ಕೂಟರೂ ಬೇಡ. ಇವತ್ತಿನಿಂದಲೇ.” ಅವರು ಮೃದುವಾಗಿ ಕೇಳಿದರು: “ತುಂಬ ಜನ ಪೂರ್ತಿ ಹೋದ್ಮೇಲೆ ಬರ್ತಾರೆ. ನಿಮಗೆ ಹೇಗೆ ಗೊತ್ತಾಯ್ತು?”

ಶಶಿಕಲಾ ನೆಲ ನೋಡಿದಳು. ಮಹದೇವ್ ಹೇಳಿದ: “ನಂಗೆ ಅನುಮಾನ ಇತ್ತು ಮೇಡಂ. ನಿಮ್ಮ ಸೈಟಲ್ಲಿ ಟೆಸ್ಟ್ ಮಾಡ್ಕೊಂಡೆ. ಯಾರಿಗೂ ಹೇಳಲ್ಲ ಅಂತ ಬರ್ದಿತ್ತು. ಆಮೇಲೆ ನಿಮ್ಮ ಸೈಟೇ ನನ್ನ ಹೆಂಡತಿಗೆ ಹೇಳ್ತು.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಶಶಿಕಲಾ ವಿವರಿಸಬೇಕಾಯಿತು. ತಾನು ಯಾರು, ಎಲ್ಲಿ ಕೆಲಸ ಮಾಡುವುದು, ಕೆಂಪು ಬಂದವರ ಹಿಂದೆ ಜಾಹೀರಾತು ಹೇಗೆ ಹೋಗುತ್ತದೆ, ‘ಬೇಡ’ ಒತ್ತಿದರೆ ಏನಾಗುತ್ತದೆ, ಎಲ್ಲ. ಹೇಳುತ್ತ ಹೋದಂತೆ ಡಾಕ್ಟರ ಮುಖ ಬಿಗಿಯಿತು.

“ಪೇಷಂಟ್ ವಿಷಯವನ್ನ ನಾವು ಕಾರಿಡಾರಿನಲ್ಲಿ ಕೂಡ ಮಾತಾಡಲ್ಲಮ್ಮ. ನಮ್ಮ ಹೆಸರಲ್ಲಿ ಇದು ನಡೀತಿದೆಯಾ?”

“ಹೌದು ಮೇಡಂ.”

ಅವಳು ಮಧ್ಯಾಹ್ನ ಆಫೀಸಿಗೆ ಹೋಗುವಷ್ಟರಲ್ಲಿ ಆಸ್ಪತ್ರೆಯಿಂದ ಶಿವಯೋಗಿಗೆ ಫೋನ್ ಬಂದಾಗಿತ್ತು. ಅವನು ಬಾಗಿಲಲ್ಲೇ ಕಾಯುತ್ತಿದ್ದ. ಗದಗಿನ ಕಡೆಯಿಂದ ಬರಿಗೈಯಲ್ಲಿ ಬಂದು ಈ ಕಂಪನಿ ಕಟ್ಟಿದವನು. ಅವಳಿಗಿಂತ ಚಿಕ್ಕವನು, ಎಂದೂ ಗಡಸಾಗಿ ಮಾತಾಡಿದವನಲ್ಲ. ಇವತ್ತು ಮುಖ ಕೆಂಪಗಾಗಿತ್ತು.

“ಅಕ್ಕಾ, ನನಗ ಒಂದ್ ಮಾತು ಹೇಳೂದಲ್ಲೇನ್ರಿ? ಸೀದಾ ಕ್ಲೈಂಟ್ ಮುಂದ ಹೋಗಿ ನಮ್ಮ ಮರ್ಯಾದಿ ತಗದ್ರಿ.”

“ಅವರು ಕೇಳಿದ್ರು. ಸುಳ್ಳು ಹೇಳೋಕಾಗ್ಲಿಲ್ಲ ಸಾರ್.”

“ನಿಮ್ಮ ಮನಿಯವರ ಕಣ್ಣಿನ ವಿಷಯ ಕೇಳಿ ನನಗೂ ಕೆಟ್ಟ ಅನಸೇತ್ರಿ, ದೇವರಾಣಿ. ಆದ್ರ ಒಂದು ಯೋಚನಿ ಮಾಡ್ರಿ. ಆ ಆ್ಯಡ್ ಇಲ್ಲದಿದ್ರ ಏನಾಗ್ತಿತ್ತು? ನಾಳೆನೋ ನಾಡದೋ ಒಂದು ಮಗು ಸಾಯತಿತ್ತು. ಅದು ಜೀವ ಉಳಿಸೇತ್ರಿ ಅಕ್ಕ.”

ಸ್ಮೃತಿ ತನ್ನ ಕಂಪ್ಯೂಟರಿನ ಹಿಂದಿನಿಂದ ಇಬ್ಬರನ್ನೂ ನೋಡುತ್ತಿದ್ದಳು. ಶಶಿಕಲಾಳಿಗಿನ್ನೂ ಆ ಹಳದಿ ಟೋಪಿ ಕಣ್ಣ ಮುಂದೆಯೇ ಇತ್ತು. ಅವನು ಹೇಳಿದ್ದು ಸುಳ್ಳಲ್ಲ. ದಾರಿಯುದ್ದಕ್ಕೂ ಅವಳೂ ಅದನ್ನೇ ಯೋಚಿಸುತ್ತ ಬಂದಿದ್ದಳು.

“ಹೌದು ಸಾರ್, ಉಳೀತು,” ಎಂದಳು ಕೊನೆಗೆ. “ಅದೃಷ್ಟಕ್ಕೆ ನೋಡಿದೋಳು ನಾನು, ಅವರ ಹೆಂಡತಿ. ಅದೇ ಬಟನ್ನನ್ನ ನಾವು ಕುಡಿತ ಬಿಡಿಸೋ ಸೆಂಟರಿನ ಸೈಟಿಗೂ ಹಾಕಿದೀವಿ. ಹೆಂಗಸರ ಡಾಕ್ಟರ ಸೈಟಿಗೂ ಹಾಕಿದೀವಿ. ಅಲ್ಲಿ ‘ಬೇಡ’ ಒತ್ತಿರೋ ಹುಡುಗಿಯ ಮನೇಲಿ ಆ ಆ್ಯಡ್ ಯಾರು ನೋಡ್ತಾರೆ? ಅವಳ ಅಪ್ಪಾನಾ? ಅತ್ತೇನಾ? ಅವಳಿಗೆ ಏನಾಗತ್ತೆ ಅಂತ ನಮಗೆ ಗೊತ್ತಾಗೋದೂ ಇಲ್ಲ.”

ಶಿವಯೋಗಿ ಸ್ಮೃತಿಯ ಕಡೆ ನೋಡಿದ. ಶಶಿಕಲಾ ಮುಂದುವರಿಸಿದಳು:

“ಬೇಡ ಅನ್ನೋರಿಗೆ ಬೇಡ. ಹೂಂ ಅನ್ನೋರಿಗೆ ನೀವು ಎಷ್ಟು ಆ್ಯಡ್ ಬೇಕಾದ್ರೂ ತೋರ್ಸಿ, ನಾನೇ ಬರ್ಕೊಡ್ತೀನಿ. ಆದ್ರೆ ಕಾಯಿಲೆ ಬಂದವರ ಹಿಂದೆ ಹೋಗೋದನ್ನ ನಾನು ಇನ್ನು ಹೊಂದ್ಸಲ್ಲ.”

“ಕೆಲಸ ಬಿಡತೀನಿ ಅಂತೀರೇನು?”

ಮನೆಯಲ್ಲಿ ಈಗ ದುಡಿಯುವವಳು ಅವಳೊಬ್ಬಳೇ. “ನಾನು ಬಿಡಲ್ಲ ಸಾರ್. ನೀವು ಬಿಡಿಸ್ಬೇಕಾದ್ರೆ ಬಿಡ್ಸಿ.”

ಕೆಳಗಿನ ಬೇಕರಿಯಲ್ಲಿ ಯಾರೋ ಟ್ರೇ ಬೀಳಿಸಿದ ಸದ್ದಾಯಿತು. ಶಿವಯೋಗಿ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತ. ಅಷ್ಟರಲ್ಲಿ ಸ್ಮೃತಿ, ಯಾರೂ ಕೇಳದೆಯೇ, ಸಣ್ಣ ದನಿಯಲ್ಲಿ ಹೇಳಿದಳು: “ಇವತ್ತು ಸಂಜೆಯೊಳಗೆ ಎಲ್ಲಾ ಸೈಟಲ್ಲೂ ಸರಿ ಮಾಡ್ಬೋದು ಸಾರ್. ದೊಡ್ಡ ಕೆಲಸ ಅಲ್ಲ. ನಾವು ಮಾಡಿರ್ಲಿಲ್ಲ ಅಷ್ಟೆ.”

ಅವನು ತಿರುಗದೆಯೇ, “ಮಾಡು,” ಎಂದ.

ಶಶಿಕಲಾ ಅವಳ ಪಕ್ಕದಲ್ಲೇ ಕೂತಳು. ಒಂದೊಂದು ಸೈಟಿನಲ್ಲೂ ‘ಬೇಡ’ ಒತ್ತಿ, ಗುರುತು ಉಳಿದಿಲ್ಲವೆಂದು ಇಬ್ಬರೂ ನೋಡಿಕೊಂಡರು. ಆಸ್ಪತ್ರೆಯವರು ಆ ಜಾಹೀರಾತನ್ನೇ ತೆಗೆಸಿದರು. ಅದಾದ ಎಷ್ಟೋ ದಿನ ಶಿವಯೋಗಿ ಅವಳ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ. ಕುಡಿತ ಬಿಡಿಸುವ ಸೆಂಟರಿನವರು, ಸೈಟಿಗೆ ಬರುವವರು ಕಡಿಮೆಯಾದರೆಂದು ಬೇರೆ ಕಂಪನಿಗೆ ಹೋದರು. ಅಲ್ಲಿಯ ಬಟನ್ನು ಏನು ಮಾಡುತ್ತದೋ ಅವಳಿಗೆ ತಿಳಿಯಲಿಲ್ಲ.

ವ್ಯಾನನ್ನು ಮರಿಯಪ್ಪನ ತಮ್ಮ ಓಡಿಸತೊಡಗಿದ. ಮಹದೇವ್ ಪ್ರತಿಯೊಂದು ಮಗುವಿನ ಮನೆಗೂ ತಾನೇ ನಡೆದುಹೋಗಿ, ಕಣ್ಣಿನ ವಿಷಯ ಹೇಳಿ ಬಂದ. ಕೆಲವರು ಕೈ ಹಿಡಿದುಕೊಂಡರು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, ಇಷ್ಟು ದಿನ ನಮ್ಮ ಮಕ್ಕಳ ಜೀವದ ಜೊತೆ ಆಟ ಆಡಿದ್ರಾ ಎಂದು ಬೈದರು. ಅದನ್ನೂ ಮನೆಗೆ ಬಂದು ಹೇಳಿದ. ಆದರೆ ಶಶಿಕಲಾಳೊಂದಿಗೆ ಅವನ ಮಾತು ಮೊದಲಿನಂತಾಗಲಿಲ್ಲ. ಅವಳು ಕೋಣೆಗೆ ಬಂದರೆ ಫೋನ್ ಮಗುಚಿಡುತ್ತಿದ್ದ. ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ಅನುವನ್ನು ಕರೆಯುತ್ತಿದ್ದ.

ಬೇಸಿಗೆ ರಜೆ ಶುರುವಾದ ಮೇಲೆ ಮತ್ತೆ ಆಸ್ಪತ್ರೆಗೆ ಹೋಗಬೇಕಾಗಿ ಬಂತು. ಬಸ್ಸಿನಲ್ಲಿ ಒಟ್ಟಿಗೇ ಹೋದರು. ನರ್ಸು ಹೆಸರು ಕೂಗಿದಾಗ ಶಶಿಕಲಾ ಅವನ ಜೊತೆಗೇ ಎದ್ದಳು.

“ನಾನೊಬ್ನೇ ಹೋಗ್ತೀನಿ,” ಎಂದ ಮಹದೇವ್.

ಅವಳು ಕೂತಳು. “ಹೂಂ, ಹೋಗ್ಬನ್ನಿ.”

ಅವನು ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು. ಒಳಗಿನ ಮಾತು ಅಸ್ಪಷ್ಟವಾಗಿ ಕೇಳುತ್ತಿತ್ತು. ಶಶಿಕಲಾ ಎದ್ದು, ಏನೂ ಕೇಳದಷ್ಟು ದೂರದ ಕುರ್ಚಿಗೆ ಹೋಗಿ ಕೂತಳು. ಅವನು ಹೊರಬಂದು ಮುಖ ತಿರುಗಿಸಿ ಎರಡೂ ಬದಿ ಹುಡುಕಿದ, ಅವಳನ್ನು ಕಂಡ, ನಿಧಾನವಾಗಿ ಬಂದು ಪಕ್ಕದಲ್ಲಿ ಕೂತ. ಅವಳು ಏನೂ ಕೇಳಲಿಲ್ಲ.

“ಒತ್ತಡ ಇಳಿದಿದೆಯಂತೆ,” ಎಂದ ಅವನು. “ಎಡಗಣ್ಣು ಹಂಗೇ ಇದೆ. ಬಲಗಣ್ಣಿನ ಒಂದು ಮೂಲೇಲಿ ಇನ್ನೂ ಸ್ವಲ್ಪ ಹೋಗಿದೆ. ಅದಕ್ಕೆ ಇನ್ನೊಂದು ಡ್ರಾಪ್ಸ್ ಕೊಟ್ಟಿದಾರೆ.” ಕೈಯಲ್ಲಿದ್ದ ಚೀಟಿ ಮಡಿಸುತ್ತ ಮುಂದುವರಿಸಿದ: “ರಾತ್ರಿ ಹೊತ್ತು ಭಯ ಆಗತ್ತೆ ಅಂತಾನೂ ಹೇಳ್ದೆ ಅವರಿಗೆ. ನಿಂಗೂ ಹೇಳಿರ್ಲಿಲ್ಲ ಅದನ್ನ.”

ಶಶಿಕಲಾ ತಲೆಯಾಡಿಸಿದಳು. ಅವನು ಔಷಧಿ ಚೀಟಿಯನ್ನು ಅವಳ ಕೈಗೆ ಕೊಟ್ಟು, ಕೆಳಗಿನ ಮೆಡಿಕಲ್ ಶಾಪು ಎಲ್ಲಿದೆ, ತೋರಿಸು ಎಂದ.